ಮೂಗು ಒಪ್ಪದ ಪುಡಿ

ಪಾಣೆಮಂಗಳೂರಿನ ಜಲಜಕ್ಕನ ಮೂಗಿಗೆ ಊರಿನಲ್ಲಿ ಇದ್ದ ಮರ್ಯಾದೆ ಕೆಲವರ ಇಡೀ ಮೈಗೂ ಇರಲಿಲ್ಲ. ಪೂರ್ತಿ ಹೆಸರು ಜಲಜಾಕ್ಷಿ. ಪೇಟೆಯ ಹಳೇ ರಸ್ತೆಯಲ್ಲಿ ಅವಳ ಹೋಟೆಲು. ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವನು ಗಂಡ ಶೇಖರ, ಒಲೆಯ ಮುಂದೆ ನಿಲ್ಲುವವಳು ಇವಳು. ಬನ್ಸು, ಗೋಳಿಬಜೆ ಯಾವ ಹೋಟೆಲಿನಲ್ಲಿಯೂ ಸಿಗುತ್ತದೆ. ಜನ ಇಲ್ಲಿಗೆ ಬರುತ್ತಿದ್ದದ್ದು ಕಾಫಿಗೆ. ಧರ್ಮಸ್ಥಳಕ್ಕೆ ಹೊರಟ ಕಾರಿನವರು ಕೂಡ ಹೆದ್ದಾರಿ ಬಿಟ್ಟು ಪೇಟೆಯೊಳಗೆ ನುಗ್ಗಿ, ಒಂದು ಲೋಟ ಕುಡಿದು, ಇನ್ನೊಂದು ಕುಡಿಯಬೇಕಿತ್ತು ಎಂದುಕೊಳ್ಳುತ್ತಾ ಹೋಗುತ್ತಿದ್ದರು.

ಆ ಕಾಫಿಯನ್ನು ಜಲಜಕ್ಕ ಒಂದು ದಿನವೂ ನಾಲಗೆಗೆ ತಾಗಿಸಿರಲಿಲ್ಲ. ಇದು ಅವಳ ಅತ್ತೆ ಪೂವಮ್ಮ ಹಾಕಿಕೊಟ್ಟು ಹೋದ ಕಟ್ಟಳೆ. ಬಡಿಸಲಿಕ್ಕೆ ಮಾಡಿದ್ದನ್ನು ಮಾಡಿದವರು ಬಾಯಿಗೆ ಹಾಕಬಾರದು, ಹಾಕಿದರೆ ಇಡೀ ಪಾತ್ರೆ ಎಂಜಲು. ಸಾರಿಗೆ ಉಪ್ಪು ಸಾಕೋ ಎಂದು ಸಾರಿನ ಹಬೆಯನ್ನು ಕೇಳಬೇಕು, ಕಾಫಿ ಸರಿಯುಂಟೋ ಎಂದು ಕಾಫಿಯ ಹಬೆಯನ್ನು ಕೇಳಬೇಕು. ಮೂವತ್ತು ವರ್ಷ ಜಲಜಕ್ಕ ಹಾಗೆಯೇ ಕೇಳಿದಳು. ತನಗೆ ಕುಡಿಯಲಿಕ್ಕೆ ಜೀರಿಗೆ ಕಷಾಯ ಮಾಡಿಕೊಳ್ಳುತ್ತಿದ್ದಳು. ಎಂಜಲೆಂದರೆ ಅವಳಿಗೆ ಎಷ್ಟು ಹೇಸಿಗೆಯೆಂದರೆ, ಗಂಡ ಲೋಟಕ್ಕೆ ತುಟಿ ತಾಗಿಸಿ ನೀರು ಕುಡಿದ ದಿನ ಆ ಲೋಟವನ್ನು ಮೂರು ಸಲ ತೊಳೆಯುತ್ತಿದ್ದಳು.

ಪುಡಿ ತರುತ್ತಿದ್ದವರು ಅಬ್ದುಲ್ ಸಲಾಂ. ಮಾರುಕಟ್ಟೆಯ ಹಿಂದೆ ಅವರ ಮನೆ, ಮನೆಗೆ ತಾಗಿಕೊಂಡು ಕಾಫಿಬೀಜ ಹುರಿಯುವ ಕೊಟ್ಟಿಗೆ. ದಿನಾ ಬೆಳಿಗ್ಗೆ ಆರಕ್ಕೆ ಬಿಸಿ ಆರದ ಪುಡಿಯನ್ನು ಸ್ಕೂಟರಿನಲ್ಲಿ ತಂದು ಕಟ್ಟೆಯ ಮೇಲಿಡುತ್ತಿದ್ದರು. ಜಲಜಕ್ಕ ಕಟ್ಟು ಬಿಚ್ಚಿ, ಕಣ್ಣು ಮುಚ್ಚಿ, ಒಂದೇ ಉಸಿರು ಎಳೆದು "ಆವು" ಅನ್ನುತ್ತಿದ್ದಳು. ಆದೀತು ಎಂದು ಅವಳು ತುಳುವಿನಲ್ಲಿ ಹೇಳಿದ ಆ ಒಂದು ಮಾತು ಸಿಕ್ಕಿದರೆ ಅವರಿಗೆ ದಿನ ಶುರುವಾಯಿತು. ಮೂವತ್ತು ವರ್ಷದಲ್ಲಿ ಮೂರು ಸಲ ಪುಡಿ ವಾಪಸು ಹೋಗಿದೆ. ಒಮ್ಮೆ ಬೀಜಕ್ಕೆ ತೇವ ಹಿಡಿದಿತ್ತು, ಎರಡು ಸಲ ಹುರಿ ಹೆಚ್ಚಾಗಿತ್ತು. ಮೂರೂ ಸಲ ಸಲಾಂ ಸಾಹೇಬರೇ ಸೋತು ಒಪ್ಪಿದ್ದರು. ಬಂಟ್ವಾಳದಿಂದ ಬಿ.ಸಿ. ರೋಡಿನವರೆಗೆ ಇನ್ನು ಏಳು ಹೋಟೆಲಿನವರು ಅವರ ಪುಡಿಯನ್ನೇ ತೆಗೆದುಕೊಳ್ಳುತ್ತಿದ್ದದ್ದು ಜಲಜಕ್ಕನ ಮೂಗು ಒಪ್ಪಿದ ಪುಡಿ ಎಂಬ ಒಂದೇ ಕಾರಣಕ್ಕೆ.

ಇಂಥ ಮೂಗಿಗೆ, ಊರಿಗೆಲ್ಲ ಬಂದ ಆ ಜ್ವರದ ವರ್ಷ, ಏನೂ ತಿಳಿಯದೆ ಹೋಯಿತು. ಜ್ವರ ಹದಿನೈದು ದಿನಕ್ಕೆ ಬಿಟ್ಟಿತು, ವಾಸನೆ ಬರಲಿಲ್ಲ. ದಿನಾ ಬಂದ ಪುಡಿಗೆ ಬರೀ ಅಂದಾಜಿನ ಮೇಲೆ "ಆವು" ಅನ್ನುತ್ತಿದ್ದಳು. ಜಲಜಕ್ಕ ಯಾರಿಗೂ ಹೇಳಲಿಲ್ಲ. ಶೇಖರನಿಗೆ ಹೇಳಿದರೆ ಹೋಟೆಲಿಗೆ ಹೇಳಿದ ಹಾಗೆ, ಹೋಟೆಲಿಗೆ ಹೇಳಿದರೆ ಊರಿಗೆ ಹೇಳಿದ ಹಾಗೆ. ಕಳೆದುಹೋದದ್ದನ್ನು ಹುಡುಕಿಕೊಡುವ ದೈವ ಕೊರಗಜ್ಜ ಎಂದು ಅಜ್ಜನಿಗೆ ಚಕ್ಕುಲಿ, ವೀಳ್ಯದ ಹರಕೆ ಹೇಳಿಕೊಂಡಳು. ತಿಂಗಳು ಕಳೆದ ಮೇಲೆ ಒಂದು ದಿನ ಮುಡಿದ ಮಲ್ಲಿಗೆ ಘಮ್ಮೆಂದಿತು. ಹೋದದ್ದು ಬಂತೆಂದು ಹರಕೆ ಒಪ್ಪಿಸಿದಳು. ಬಂದದ್ದು ಹೋದದ್ದೇ ಹೌದೋ ಎಂದು ನೋಡುವ ವ್ಯವಧಾನ ಅವಳಿಗಿರಲಿಲ್ಲ.

ಎರಡು ದಿನ ಬಿಟ್ಟು ಸಲಾಂ ಸಾಹೇಬರ ಕಟ್ಟು ಬಿಚ್ಚಿ ಉಸಿರೆಳೆದವಳು ಮುಖ ಹಿಂದಕ್ಕೆ ಎಳೆದುಕೊಂಡಳು. ಅಕ್ಕಿ ಡಬ್ಬದ ಹಿಂದೆ ಇಲಿ ಸತ್ತು ಮೂರು ದಿನವಾದರೆ ಬರುತ್ತದಲ್ಲ, ಆ ನಾತ. ಅದರ ಮೇಲೆ ಸುಟ್ಟ ಕೂದಲು. ಹೋಟೆಲಿನಲ್ಲಿ ಬೆಳಗಿನ ಗಿರಾಕಿಗಳು ತುಂಬಿದ್ದರು.

"ಇಲಿ ಸತ್ತ ವಾಸನೆ ಬರ್ತದೆ ಸಾಹೇಬರೇ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಇದನ್ನು ಮನುಷ್ಯರಿಗೆ ಕೊಡ್ಲಿಕ್ಕೆ ಉಂಟಾ?"

ಸಲಾಂ ಸಾಹೇಬರು ಪುಡಿ ಮೂಸಿದರು. ಅವರಿಗೆ ಅಂಥ ನಾತ ಏನೂ ಬರಲಿಲ್ಲ. ಆದರೂ ಮಾತಿಲ್ಲದೆ ಕಟ್ಟಿಕೊಂಡು ಹೋಗಿ, ಮರುದಿನ ಹೊಸ ಚೀಲದ ಬೀಜ ಹುರಿದು ತಂದರು. ಅದೂ ಇಲಿ. ಮೂರನೆಯ ದಿನ ಹುರಿಯುವ ಡ್ರಮ್ಮನ್ನೇ ಉಜ್ಜಿ ತೊಳೆದು ಮತ್ತೆ ಹುರಿದು ತಂದರು. ಅದೂ ಇಲಿ. ನಾಲ್ಕನೆಯ ದಿನ ಜಲಜಕ್ಕ, ಇಷ್ಟು ವರ್ಷದ ವಿಶ್ವಾಸಕ್ಕೆ ಹೀಗೆ ಮಾಡಬಾರದಿತ್ತು, ಇನ್ನು ಪುಡಿ ತರುವುದು ಬೇಡ ಎಂದು ಹೇಳಿಬಿಟ್ಟಳು. ಅವರು ಅವಳ ಮುಖ ನೋಡಿ ಸ್ಕೂಟರ್ ತಿರುಗಿಸಿದರು. ವಾದ ಮಾಡಲಿಲ್ಲ. ತಪ್ಪಿರುವುದರಿಂದಲೇ ವಾದ ಮಾಡಲಿಲ್ಲ ಎಂದು ಜಲಜಕ್ಕ ತೀರ್ಮಾನಿಸಿದಳು. ಮಧ್ಯಾಹ್ನದೊಳಗೆ ಸುದ್ದಿ ಬಿ.ಸಿ. ರೋಡು ಮುಟ್ಟಿತು, ವಾರದೊಳಗೆ ಏಳು ಹೋಟೆಲಿನವರೂ ಬೇರೆ ಪುಡಿಗೆ ಹೋದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಜಲಜಕ್ಕ ಆ ದಿನಗಳಲ್ಲಿ ಡೊಂಕು ಎನ್ನದ ನೆಲವೇ ಇರಲಿಲ್ಲ. ನೀರುಳ್ಳಿ ನಾರಿದರೆ ಅಂಗಡಿಯವನಿಗೆ ಬೈದಳು. ಪೇಸ್ಟು ನಾರಿದರೆ ಕಂಪನಿಯವರು ಕೆಟ್ಟರು ಎಂದಳು. ಗೋಳಿಬಜೆ ಕರಿಯುವಾಗ ವಾಕರಿಕೆ ಬಂದರೆ ಎಣ್ಣೆಯಲ್ಲಿ ಕಲಬೆರಕೆ ಎಂದಳು. ಶೇಖರ ಮಾತ್ರ ಒಂದು ಸಲ ಮೆಲ್ಲಗೆ, ಊರಲ್ಲಿ ಒಟ್ಟಿಗೇ ಎಲ್ಲರೂ ಕೆಟ್ಟದ್ದು ಹೇಗೆ ಎಂದು ಕೇಳಿದ. ಕೇಳಿದ್ದಕ್ಕೆ ಅವನ ತಲೆಗೆ ಹಚ್ಚುವ ಎಣ್ಣೆಯೂ ನಾರುತ್ತದೆಂದು ಗೊತ್ತಾಯಿತು.

ಹೊಸ ಪುಡಿಗೆಂದು ಹದಿನಾರು ಬಗೆ ತರಿಸಿದಳು. ಹದಿನೈದು ನಾರಿದವು. ಹದಿನಾರನೆಯದು, ಯಾವುದೋ ಏಜೆಂಟ್ ಬಿಟ್ಟುಹೋದ ಹೊಳೆಯುವ ಪ್ಯಾಕೆಟು, ಅಷ್ಟೇನೂ ನಾರಲಿಲ್ಲ. ಅದೇ ಆಯಿತು. ಮೊದಲ ದಿನ ಅದರ ಕಾಫಿ ಕೊಟ್ಟಾಗ ದಿನದ ಗಿರಾಕಿ ಸುಬ್ಬಯ್ಯ ಮಾಸ್ತರರು, ರಿಟೈರಾಗಿ ಹನ್ನೆರಡು ವರ್ಷವಾದರೂ ಬೆಂಚಿನ ಆ ಮೂಲೆಯಿಂದ ಊರಿಗೇ ಪಾಠ ಹೇಳುವವರು, ಕಣ್ಣರಳಿಸಿ "ಇದು ಕಾಫಿ," ಎಂದರು. ಉಳಿದವರು ತಲೆಯಾಡಿಸಿದರು. ಜಲಜಕ್ಕನ ಎದೆ ತಂಪಾಯಿತು.

ಮೂರು ತಿಂಗಳ ಮೇಲೆ ತಂಗಿಯ ಮಗಳು ಪ್ರಾಪ್ತಿ ಮೂಡುಬಿದಿರೆಯಿಂದ ಫೋನು ಮಾಡಿದಳು. ಈ ಹುಡುಗಿ ಚಿಕ್ಕಮಗಳೂರಿಗೆ ಹೋಗಿ ಕಾಫಿ, ಚಾ, ವೈನು ಇವುಗಳ ರುಚಿ ನೋಡುವುದನ್ನೇ ಓದಿ ಸರ್ಟಿಫಿಕೇಟು ತಂದವಳು. ಪುತ್ತಿಗೆಗೆ ಹೋಗುವ ರಸ್ತೆಯಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದು ಭಾನುವಾರ ಪಾಠ ಮಾಡುತ್ತಿದ್ದಳು. ಕುಡಿಯುವುದನ್ನೂ ಕಲಿಯಲಿಕ್ಕೆ ಉಂಟೋ ಎಂದು ಜಲಜಕ್ಕ ನಕ್ಕಿದ್ದಳು. ಕಳೆದ ವಾರ ವೈನಿನ ಪಾಠ ಎಂದಾಗ ತಂಗಿಗೆ ಫೋನು ಮಾಡಿ ಮಗಳನ್ನು ಹದ್ದುಬಸ್ತಿನಲ್ಲಿಡು ಎಂದಿದ್ದಳು. ಆದರೆ ಈ ಭಾನುವಾರ ಕಾಫಿ, ಬಂಟ್ವಾಳ ಕಡೆಯ ಹೋಟೆಲಿನವರೂ ಬರುತ್ತಾರೆ, ದೊಡ್ಡಮ್ಮನೇ ಬಂದು ಯಾವುದು ಒಳ್ಳೆಯದೆಂದು ಹೇಳಬೇಕು ಎಂದಾಗ ಹೊಸ ಸೀರೆ ಉಟ್ಟು ಹೊರಟಳು. ಹೊಗಳಿಕೆಗೆ ಯಾರ ಮೂಗು ಅರಳುವುದಿಲ್ಲ?

ಕೋಣೆಯಲ್ಲಿ ಇಪ್ಪತ್ತು ಜನ. ಉದ್ದ ಮೇಜಿನ ಮೇಲೆ ಆರು ಬಟ್ಟಲು, ಆರರಲ್ಲೂ ಹಾಲು ಸಕ್ಕರೆ ಇಲ್ಲದ ಕರೀ ಕಾಫಿ, ಹೆಸರಿಲ್ಲ, ಅಂಕಿ ಮಾತ್ರ. ಮೂಲೆಯ ಕುರ್ಚಿಯಲ್ಲಿ ಸಲಾಂ ಸಾಹೇಬರು ಕೂತಿದ್ದರು. ಪಾಠಕ್ಕೆ ಬೀಜ ಹುರಿದು ಕೊಡುವವರು ಅವರೇ ಎಂದು ಆಮೇಲೆ ಗೊತ್ತಾಯಿತು. ಜಲಜಕ್ಕ ಮುಖ ತಿರುಗಿಸಿದಳು.

ಪಾಠ ಶುರುವಾಗಿ ಐದು ನಿಮಿಷಕ್ಕೆ ಜಲಜಕ್ಕನಿಗೆ ಎದ್ದು ಓಡಿಹೋಗುವ ಎಂದಾಯಿತು. ಪ್ರಾಪ್ತಿ ಚಮಚವನ್ನು ಬಟ್ಟಲಿಗೆ ಅದ್ದಿ, ಕೊಟ್ಟಿಗೆಯ ಎಮ್ಮೆ ನೀರು ಕುಡಿದ ಹಾಗೆ ಸುರ್ರೆಂದು ಎಳೆದು, ಬಾಯೊಳಗೆ ಮುಕ್ಕಳಿಸಿ, ಪೇಪರ್ ಲೋಟಕ್ಕೆ ಪಿಚಕ್ಕೆಂದು ಉಗುಳಿದಳು. ಗಾಳಿಯ ಜೊತೆ ಎಳೆದರೆ ವಾಸನೆ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ, ನುಂಗಿದರೆ ಆರನೆಯ ಬಟ್ಟಲಿಗೆ ಬರುವಾಗ ತಲೆ ತಿರುಗುತ್ತದೆ ಎಂದು ವಿವರಿಸಿದಳು. ಅದೇ ಚಮಚವನ್ನು ಒಂದು ಲೋಟ ನೀರಿನಲ್ಲಿ ಆಡಿಸಿ ಎರಡನೆಯ ಬಟ್ಟಲಿಗೆ ಹಾಕಿದಳು. ಹಿಂದೆ ಇಪ್ಪತ್ತು ಜನ, ಇಪ್ಪತ್ತು ಚಮಚ, ಅದೇ ಆರು ಬಟ್ಟಲು. ಸುರ್, ಸುರ್, ಪಿಚಕ್. ಚಮಚ ತೊಳೆಯುವ ನೀರಿನಲ್ಲಿ ಎಂಜಲು ಎಳೆ ಎಳೆಯಾಗಿ ತೇಲುತ್ತಿತ್ತು. ಕಾಲೇಜಿನ ಲೆಕ್ಚರರ್ ಒಬ್ಬರು ಗಡ್ಡಕ್ಕೆ ಹರಿದದ್ದನ್ನು ಒರೆಸಿಕೊಂಡು, ಇದರಲ್ಲಿ ಕಿತ್ತಳೆ ಸಿಪ್ಪೆ ಉಂಟು, ಹಿಂದಿನಿಂದ ಬೆಲ್ಲ ಬರುತ್ತದೆ ಎಂದರು. ಉಗುಳಿದ್ದನ್ನು ಹೊಗಳುವ ಈ ಜಾತಿಯನ್ನು ಜಲಜಕ್ಕ ಇದುವರೆಗೆ ಕಂಡಿರಲಿಲ್ಲ.

ತಾನು ಬಾಯಿಗೆ ಹಾಕುವವಳಲ್ಲ, ಮೂಗು ಸಾಕು ಎಂದು ಎಲ್ಲರನ್ನೂ ಸರಿಸಿ ಮೇಜಿಗೆ ಬಂದಳು. ಒಂದನೆಯ ಬಟ್ಟಲು ಇಲಿ. ಎರಡನೆಯದಂತೂ ಕಣ್ಣಲ್ಲಿ ನೀರು ಬರಿಸಿತು. ಮೂರು, ಐದು, ಆರು, ಒಂದಕ್ಕಿಂತ ಒಂದು ಚರಂಡಿ. ನಾಲ್ಕನೆಯದು ಮಾತ್ರ ಸಹಿಸುವಂತಿತ್ತು. ನಾಲ್ಕೇ ಒಳ್ಳೆಯದು, ಎರಡನೆಯದನ್ನು ದನಕ್ಕೂ ಇಡಬಾರದು ಎಂದು ದೊಡ್ಡ ಗಂಟಲಿನಲ್ಲಿ ತೀರ್ಪು ಕೊಟ್ಟಳು.

ಇಪ್ಪತ್ತು ಜನ ಬರೆದ ಚೀಟಿಯಲ್ಲಿ ಎರಡಕ್ಕೆ ಮೊದಲನೆಯ ಸ್ಥಾನ, ನಾಲ್ಕಕ್ಕೆ ಕೊನೆಯದು. ಪ್ರಾಪ್ತಿ ಎಲ್ಲರ ಎದುರು ಹೆಸರು ಹೇಳಲು ಹಿಂದೆಮುಂದೆ ನೋಡಿದಳು. ಹೇಳು ಎಂದು ಜಲಜಕ್ಕನೇ ಗದರಿದಳು. ಎರಡನೆಯದು ಸಲಾಂ ಸಾಹೇಬರು ಹಿಂದಿನ ದಿನ ಹುರಿದದ್ದು. ನಾಲ್ಕನೆಯದು ಮುಕ್ಕಾಲು ಪಾಲು ಚಿಕೋರಿ, ಅಂದರೆ ಹುರಿದ ಬೇರಿನ ಪುಡಿ, ಕಾಲು ಪಾಲು ಹಳೆಯ ಕಾಫಿ. ಚಿಕೋರಿ ಹೆಚ್ಚಾದರೆ ಹೇಗಿರುತ್ತದೆಂದು ತೋರಿಸಲಿಕ್ಕೆ ಅಂಗಡಿಯಿಂದ ತಂದದ್ದು. ಹೊಳೆಯುವ ಪ್ಯಾಕೆಟನ್ನು ಎತ್ತಿ ತೋರಿಸಿದಾಗ ಜಲಜಕ್ಕ ಗುರುತು ಹಿಡಿದಳು. ಹೋಟೆಲಿನ ಅಟ್ಟದ ಮೇಲೆ ಅಂಥವು ಎರಡು ಪೆಟ್ಟಿಗೆ ಇದ್ದವು. ಮೂಲೆಯ ಕುರ್ಚಿ ನೋಡಿದಳು. ಸಲಾಂ ಸಾಹೇಬರು ಎದ್ದು ಹೋಗಿಯಾಗಿತ್ತು.

ಪ್ರಾಪ್ತಿ ದೊಡ್ಡಮ್ಮನನ್ನು ಒಳಗೆ ಕರೆದು ಬಾಗಿಲು ಹಾಕಿದಳು. ಒಂದು ನೀರುಳ್ಳಿ ಕತ್ತರಿಸಿ ಕಣ್ಣು ಮುಚ್ಚಿಸಿ ಮೂಗಿಗೆ ಹಿಡಿದಳು. ಇಲಿ ಎಂದಳು ಜಲಜಕ್ಕ. ಹುರಿದ ನೆಲಗಡಲೆ ಹಿಡಿದಳು. ಅದೂ ಇಲಿ. ಲಿಂಬೆ ಹಿಡಿದಳು. ಲಿಂಬೆ ಲಿಂಬೆಯಾಗಿಯೇ ಇತ್ತು.

"ದೊಡ್ಡಮ್ಮ, ಇಲಿ ಸತ್ತದ್ದು ಪುಡಿಯಲ್ಲಿ ಅಲ್ಲ," ಎಂದಳು ಹುಡುಗಿ.

ಆ ಜ್ವರದ ನಂತರ ಕೆಲವರ ಮೂಗು ಹೀಗೆ ತಿರುವುಮುರುವಾಗಿ ಬರುತ್ತದೆ, ಎಲ್ಲಕ್ಕಿಂತ ಮೊದಲು ಕೆಡುವುದು ಕಾಫಿಯೇ, ತನ್ನ ಜೊತೆ ಕಲಿತ ಒಬ್ಬಳಿಗೂ ಆಗಿತ್ತು, ಕೆಲವರಿಗೆ ವರ್ಷದಲ್ಲಿ ಸರಿಯಾಗುತ್ತದೆ, ಕೆಲವರಿಗೆ ಹೇಳಲಿಕ್ಕಾಗುವುದಿಲ್ಲ ಎಂದಳು. ಬೇರೆ ಯಾರಿಗಾದರೂ ಬಾಯಿಗೆ ಒಂದು ಗುಟುಕು ಹಾಕಿ ನೋಡಲು ಹೇಳಿದ್ದರೆ ಅವತ್ತೇ ಅನುಮಾನ ಬರುತ್ತಿತ್ತಲ್ಲ ಎಂದೂ ಕೇಳಿದಳು. ಜಲಜಕ್ಕ ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೊರಟಳು.

ಸಿದ್ಧಕಟ್ಟೆಯಾಗಿ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಮಗುವಿಗೆ ನೀರುಳ್ಳಿ ಬಜೆ ತಿನ್ನಿಸುತ್ತಿದ್ದಳು. ಜಲಜಕ್ಕ ಸೆರಗು ಮೂಗಿಗೆ ಒತ್ತಿಕೊಂಡು ಕಿಟಕಿಗೆ ಮುಖ ಹಾಕಿದಳು. ನಾತಕ್ಕಿಂತ ಹೆಚ್ಚು ಹೇಸಿಗೆ ತನ್ನ ಮೇಲೆಯೇ ಹುಟ್ಟಿತು. ಮೂವತ್ತು ವರ್ಷ ಕಂಡ ಮನುಷ್ಯನನ್ನು ಹತ್ತು ಜನರ ಎದುರು ಕಳ್ಳನನ್ನಾಗಿ ಮಾಡಿದ್ದಾಯಿತು, ಅದೂ ಮನುಷ್ಯನ ಮುಖ ನೋಡಿ ಅಲ್ಲ, ಕೆಟ್ಟುಹೋದ ಮೂಗಿನ ಮಾತು ಕೇಳಿ. ಮನೆಗೆ ಹೋಗದೆ ಬಸ್ಸಿಳಿದು ನೇರ ಮಾರುಕಟ್ಟೆಯ ಹಿಂದಕ್ಕೆ ನಡೆದಳು.

ಸಲಾಂ ಸಾಹೇಬರ ಹೆಂಡತಿ ಜುಲೈಕಾ ಬಾಗಿಲು ತೆಗೆದಳು, ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಹುರಿಯುವ ಕೊಟ್ಟಿಗೆ ತಣ್ಣಗಿತ್ತು. ಮೊದಲು ದಿನಾ ತಿರುಗುತ್ತಿದ್ದ ಡ್ರಮ್ಮು ಈಗ ವಾರಕ್ಕೊಮ್ಮೆ, ಅದೂ ಪ್ರಾಪ್ತಿಯ ಪಾಠಕ್ಕೆ. ಬೆಳ್ತಂಗಡಿಯ ಒಂದು ಮದುವೆಗೆ ಹೋದಾಗ ಯಾರೋ ಕಾಫಿ ಲೋಟ ಎತ್ತಿ, ಇದರಲ್ಲಿ ಇಲಿ ಉಂಟಾ ಸಾಹೇಬರೇ ಎಂದು ಕೇಳಿದ್ದರಂತೆ. ಆಮೇಲೆ ಅವರು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಇದನ್ನೆಲ್ಲ ಜುಲೈಕಾ, ಶಾಲೆಯ ಪಾಠ ಒಪ್ಪಿಸುವ ಹಾಗೆ, ಸ್ವರ ಏರಿಸದೆ ಹೇಳಿದಳು. ಆದರೂ ಮನೆಗೆ ಬಂದವರಿಗೆ ಕೊಡದೆ ಇರಲಾರದೆ ಲಿಂಬೆ ಹಿಂಡಿದ ಸುಲೈಮಾನಿ ಚಾ ತಂದಿಟ್ಟಳು. ಅದರ ಪರಿಮಳ ಪರಿಮಳವಾಗಿಯೇ ಬಂತು. ಜಲಜಕ್ಕನಿಗೆ ಅಳು ಬಂತು.

ಸಲಾಂ ಸಾಹೇಬರು ಒಳಗಿನಿಂದ ಬಂದಾಗ, ತನ್ನ ಮೂಗು ಕೆಟ್ಟದ್ದು, ಅದನ್ನು ಮುಚ್ಚಿಟ್ಟದ್ದು, ಎಲ್ಲ ಹೇಳಿ ತಪ್ಪಾಯಿತು ಎಂದಳು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

"ಇಲ್ಲಿ ಹೇಳಿ ಏನು ಮಾಡುವುದು ಜಲಜಕ್ಕ? ನೀವು ಇಲ್ಲಿ ಬೈದದ್ದಲ್ಲವಲ್ಲ. ಬೈದಲ್ಲಿಗೆ ಬಂದು ಹೇಳಿದರೆ ನಾನು ಬಂದು ಕೂತುಕೊಳ್ತೇನೆ."

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವರು ಬಂದು ನಡುವಿನ ಬೆಂಚಿನಲ್ಲಿ ಕೂತರು. ಹೋಟೆಲು ತುಂಬಿತ್ತು. ಬಿ.ಸಿ. ರೋಡಿನ ಹೋಟೆಲಿನವರು ಇಬ್ಬರನ್ನು ಶೇಖರನೇ ಫೋನು ಮಾಡಿ ಕರೆಸಿದ್ದ. ರಾತ್ರಿ ಜಲಜಕ್ಕ ಅವನಿಗೆ ಎಲ್ಲ ಹೇಳಿದಾಗ ಅವನು ಒಂದೇ ಮಾತು ಕೇಳಿದ್ದ, ಹೇಳಿದ ಮೇಲೆ ನಿನ್ನ ಕಾಫಿಗೆ ಯಾರು ಬರುತ್ತಾರೆ ಎಂದು. ಅವಳಿಗೂ ಅದೇ ಭಯ. ಮೂಗು ಹೋದ ಜಲಜಕ್ಕ ಎಂದರೆ ಬರೀ ಒಲೆ ಊದುವ ಹೆಂಗಸು. ಆದರೂ ಸೆರಗು ಸಿಕ್ಕಿಸಿ, ಕಟ್ಟೆಯ ಮುಂದೆ ಬಂದು, ಅವತ್ತು ಬೈದಷ್ಟೇ ಗಟ್ಟಿಯಾಗಿ ಹೇಳಿದಳು.

"ಮೂರು ತಿಂಗಳ ಹಿಂದೆ ಸಲಾಂ ಸಾಹೇಬರ ಪುಡಿ ನಾರ್ತದೆ ಅಂತ ನಾನು ಹೇಳಿದೆ. ಪುಡಿ ನಾರಿದ್ದಲ್ಲ, ನನ್ನ ಮೂಗು ಕೆಟ್ಟದ್ದು. ಜ್ವರ ಬಂದು ಕೆಟ್ಟದ್ದು, ಇವತ್ತಿಗೂ ಸರಿಯಾಗಲಿಲ್ಲ. ನೀವು ಈಗ ಕುಡಿಯುವುದು ಮುಕ್ಕಾಲು ಪಾಲು ಬೇರಿನ ಪುಡಿ. ಅವರದ್ದು ಏನೂ ತಪ್ಪಿಲ್ಲ."

ಸುಬ್ಬಯ್ಯ ಮಾಸ್ತರರು ಲೋಟ ಕೆಳಗಿಟ್ಟರು.

"ಜಲಜಕ್ಕ, ನಿಮ್ಮ ಮನಸ್ಸು ದೊಡ್ಡದು, ಅದು ನಮಗೆ ಗೊತ್ತುಂಟು. ಸಾಹೇಬರ ವ್ಯಾಪಾರ ಹೋಯಿತಲ್ಲ ಅಂತ ನೀವು ತಪ್ಪು ಮೈಮೇಲೆ ಹಾಕಿಕೊಳ್ತೀರಿ. ಮಾಡಿ, ಪುಣ್ಯ ಬರ್ತದೆ. ಆದರೆ ನಿಮ್ಮ ಮೂಗು ಕೆಡುವುದು ಉಂಟಾ ಮಾರಾಯ್ತಿ?"

ಬೆಂಚು ಬೆಂಚಿನಲ್ಲಿ ತಲೆಗಳು ಆಡಿದವು. ಅಷ್ಟು ವಿಶ್ವಾಸ ಇದ್ದಲ್ಲಿ ಹೀಗೆ ಇನ್ನೊಬ್ಬರ ತಪ್ಪು ಮುಚ್ಚಿಹಾಕುವುದೂ ಒಂದು ಧರ್ಮ ಎಂದು ಒಬ್ಬ ಹೇಳಿದ. ಬೇರಿನ ಪುಡಿಯಾದರೆ ಆರೋಗ್ಯಕ್ಕೂ ಒಳ್ಳೆಯದಂತೆ, ಅದಕ್ಕೇ ಇಷ್ಟು ಪರಿಮಳ ಎಂದು ಇನ್ನೊಬ್ಬ ಹೇಳಿ ಎರಡನೆಯ ಲೋಟ ಕೇಳಿದ. ಬಿ.ಸಿ. ರೋಡಿನವರು ಆ ಪ್ಯಾಕೆಟು ಎಲ್ಲಿ ಸಿಗುತ್ತದೆಂದು ಶೇಖರನ ಹತ್ತಿರ ಮೆಲ್ಲಗೆ ವಿಚಾರಿಸಿದರು. ತನ್ನ ಮೂಗು ಕೆಟ್ಟದ್ದು ಹೌದು, ಆಣೆ ಬೇಕಾ ಎಂದು ಜಲಜಕ್ಕ ಕೂಗಿದಳು. ಆಣೆಯನ್ನೂ ಅವರು ಅವಳ ದೊಡ್ಡ ಮನಸ್ಸಿಗೇ ಜಮಾ ಮಾಡಿದರು.

ಅವಳು ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ಇದೇ ಬಾಯಿಗಳು ಮೂವತ್ತು ವರ್ಷ ಅವಳ ಕಾಫಿಯನ್ನು ಹೊಗಳಿದ್ದವು, ಅದನ್ನು ಅವಳು ರಾತ್ರಿ ನೆನೆಸಿಕೊಂಡು ಮಲಗಿದ್ದಳು. ಇವರಿಗೆ ನಾಲಗೆಯೇ ಇರಲಿಲ್ಲ. ಮೂಡುಬಿದಿರೆಯಲ್ಲಿ ಸುರ್ರೆಂದು ಎಳೆದು ಉಗುಳಿದವರಾದರೂ ತಾವು ಬಾಯಿಗೆ ಹಾಕಿದ್ದು ಏನೆಂದು ನೋಡಿದ್ದರು. ಇಲಿಯ ನಾತಕ್ಕೂ ಬಾರದಷ್ಟು ವಾಕರಿಕೆ ಆ ಬೆಳಿಗ್ಗೆ ಜಲಜಕ್ಕನಿಗೆ ಬಂತು.

ಸಲಾಂ ಸಾಹೇಬರು ಎದ್ದು ಹೊರಗೆ ಹೋದರು. ಅವಳು ಮೆಟ್ಟಿಲವರೆಗೆ ಓಡಿದಳು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು," ಎಂದರು. "ನೀವು ಬಂದು ಹೇಳಿದಿರಲ್ಲ. ಅಷ್ಟು ಸಾಕು ಜಲಜಕ್ಕ."

"ಸಾಕಾಗಲಿಲ್ಲ. ನಾಳೆ ಪುಡಿ ತನ್ನಿ."

"ತಂದರೆ ನೋಡಿ ತೆಗೆದುಕೊಳ್ಳುವವರು ಯಾರು? ನಿಮ್ಮ ಮೂಗಿಗೆ ಅದು ಈಗಲೂ ಇಲಿಯೇ."

"ಯಾರೂ ನೋಡುವುದು ಬೇಡ. ನೀವು ತಂದದ್ದನ್ನು ನಾನು ತೆಗೆದುಕೊಳ್ತೇನೆ."

ಅವರು ಸ್ಕೂಟರ್ ಹತ್ತಿ ಹೋದರು. ಮರುದಿನ ಆರಕ್ಕೆ ಸ್ಕೂಟರ್ ಬಂದು ನಿಂತಿತು. ಜಲಜಕ್ಕ ಕಟ್ಟು ತೆಗೆದುಕೊಂಡು, ಬಿಚ್ಚಿ ಮೂಸದೆ, ಒಳಗೆ ಹೋದಳು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಡಿಕಾಕ್ಷನ್ ಇಳಿಸಿದಳು. ಬಟ್ಟೆಯನ್ನು ದಾಟಿಯೂ ನಾತ ಬಂತು. ಎರಡು ಸಲ ಹಿತ್ತಿಲಿಗೆ ಓಡಿ ವಾಂತಿ ಮಾಡಿ, ಬಾಯಿ ತೊಳೆದು ಬಂದು ಮತ್ತೆ ಹಾಲು ಬೆರೆಸಿದಳು. ಏಳು ಗಂಟೆಗೆ ಸುಬ್ಬಯ್ಯ ಮಾಸ್ತರರ ಮುಂದೆ ಲೋಟ ಇಟ್ಟಳು.

ಮಾಸ್ತರರು ಒಂದು ಗುಟುಕು ಕುಡಿದು ಹುಬ್ಬು ಗಂಟಿಕ್ಕಿದರು. ಏನೋ ಕಹಿ, ನಿನ್ನೆಯದರ ಹಾಗಿಲ್ಲ ಎಂದರು. ಹೊರಗೆ ನಿಂತಿದ್ದ ಸ್ಕೂಟರನ್ನೂ, ಕಟ್ಟೆಯ ಹತ್ತಿರ ಇನ್ನೂ ನಿಂತಿದ್ದ ಸಲಾಂ ಸಾಹೇಬರನ್ನೂ ನೋಡಿ, ಇದು ಸಾಹೇಬರದ್ದಾ ಎಂದು ಸ್ವರ ತಗ್ಗಿಸಿ ಕೇಳಿದರು.

ಜಲಜಕ್ಕ ಮೂಗಿನ ಬಟ್ಟೆ ಕೆಳಗಿಳಿಸಿ, ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದಳು. "ಹೌದು, ಸಲಾಂ ಸಾಹೇಬರದ್ದೇ. ಇನ್ನು ಇಲ್ಲಿ ಇದೇ. ಬೇಡದವರಿಗೆ ಚಾ ಉಂಟು."